ಮುಖ ತೊಳೆಯುವುದು, ಬಟ್ಟೆ ಒಗೆಯುವುದು: ಫರ್ಡಿನಾಂಡ್ ಕಿಟೆಲ್ ಅವರ ಬದುಕು



ಕಳೆದ ವರ್ಷ ಪ್ರಥಮ ಪಿಯುಸಿಯ ಕನ್ನಡ ತರಗತಿಯಲ್ಲಿ ನಮ್ಮ ಸರ್ ಒಂದು ಚಟುವಟಿಕೆ ಕೊಟ್ಟರು. ಒಬ್ಬೊಬ್ಬರಾಗಿ ಎದ್ದು ನಿಂತು, ಬೆಳಿಗ್ಗೆ ಎದ್ದಾಗಿನಿಂದ ಕಾಲೇಜಿಗೆ ಬರುವವರೆಗೆ ಏನೇನು ಮಾಡಿದೆವು ಎಂದು ಐದು ವಾಕ್ಯದಲ್ಲಿ ಹೇಳಬೇಕು. ಬಹಳ ಸುಲಭ ಎಂದುಕೊಂಡೆ. ನನ್ನ ಸರದಿ ಬಂತು. ಐದೂವರೆಗೆ ಎದ್ದೆ ಎಂದೆ. ಸರಿಯಾಗಿತ್ತು. ಆಮೇಲೆ ಮುಖ ಒಗೆದೆ ಎಂದೆ. ಇಡೀ ಕ್ಲಾಸು ನಕ್ಕಿತು. ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ಮುಂದುವರಿಸಿ, ಅನ್ನ ತಿಂದೆ, ಬುರ್ಖಾ ಉಟ್ಟೆ ಎಂದೆ. ನಗು ಇನ್ನೂ ಜೋರಾಯಿತು. ಐದನೆಯ ವಾಕ್ಯ ಹೇಳದೆ ಕುಳಿತುಬಿಟ್ಟೆ.

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ಮುಖಕ್ಕೂ ಧೋನಾ, ಕೈಗೂ ಧೋನಾ, ಪಾತ್ರೆಗೂ ಧೋನಾ, ಬಟ್ಟೆಗೂ ಧೋನಾ. ಕನ್ನಡದಲ್ಲಿ ಮುಖ ತೊಳೆಯಬೇಕು, ಬಟ್ಟೆ ಒಗೆಯಬೇಕು. ನಮ್ಮ ಕಡೆಯ ಮಾತಿನಲ್ಲಿ ಒಗೆ ಎಂದರೆ ಎಸೆ ಎಂಬ ಅರ್ಥವೂ ಇದೆ. ಕಲ್ಲು ಒಗೆದ ಎಂದರೆ ಕಲ್ಲು ಎಸೆದ ಎಂದೇ ಅರ್ಥ. ಅಂದರೆ ನಾನು ಬೆಳಿಗ್ಗೆ ಎದ್ದು ನನ್ನ ಮುಖವನ್ನು ಎಸೆದಿದ್ದೆ!

ಸರ್ ಬೈಯಲಿಲ್ಲ. ಮರುದಿನ ತಮ್ಮ ಮನೆಯಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಇದನ್ನು ಬರೆದವರಿಗೂ ಕನ್ನಡ ಮನೆಮಾತಲ್ಲ, ಅವರೂ ನಿನ್ನಂತೆಯೇ ಎದ್ದೆ, ತೊಳೆದೆ, ಉಂಡೆ ಎಂಬಲ್ಲಿಂದಲೇ ಶುರು ಮಾಡಿದವರು ಎಂದು ಹೇಳಿದರು. ಅದು ಕಿಟೆಲ್ ನಿಘಂಟು. ಅಂದಿನಿಂದ ಕಿಟೆಲ್ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಈ ಸಂಚಿಕೆಗೆ ಅವರ ಜೀವನವನ್ನೇ ಬರೆಯೋಣ ಎನಿಸಿತು.

ಬಾಲ್ಯ ಮತ್ತು ಶಿಕ್ಷಣ

ಫರ್ಡಿನಾಂಡ್ ಕಿಟೆಲ್ 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಸಮುದ್ರಕ್ಕೆ ಹತ್ತಿರದ ತಗ್ಗು ನಾಡು ಅದು. ತಂದೆ ಚರ್ಚಿನ ಪಾದ್ರಿ. ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿತರು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಬಾಸೆಲ್ ಮಿಷನ್ನಿನ ಶಾಲೆಯನ್ನು 1850ರಲ್ಲಿ ಸೇರಿದರು. 1853ರಲ್ಲಿ ಅವರನ್ನು ಭಾರತಕ್ಕೆ ಕಳಿಸಲಾಯಿತು. ಆಗ ಅವರಿಗೆ 21 ವರ್ಷ. ನಮಗಿಂತ ನಾಲ್ಕೇ ವರ್ಷ ದೊಡ್ಡವರು.

ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದಿತ್ತು. ಮಂಗಳೂರಿನಲ್ಲಿ ಅವರದೊಂದು ಮುದ್ರಣಾಲಯ ಇತ್ತು. ಮುಂದೆ ಹೆಂಚಿನ ಕಾರ್ಖಾನೆಯೂ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಇದೇ ಮಿಷನ್ನಿನವರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದವರೂ ಅವರೇ. ಕಿಟೆಲ್ ಅವರಿಗೆ ಮೋಗ್ಲಿಂಗ್ ದಾರಿ ತೋರಿಸಿದ ಹಿರಿಯರಂತಿದ್ದರು.

ಧಾರವಾಡ, ಮಂಗಳೂರು, ಮಡಿಕೇರಿ ಇವು ಕಿಟೆಲ್ ಕೆಲಸ ಮಾಡಿದ ಮುಖ್ಯ ಊರುಗಳು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಆದರೆ ಅವರು ಹುಡುಕಿಕೊಂಡು ಹೋದ ಹಳೆಯ ಕನ್ನಡದ ಬೇರು ನಮ್ಮ ಮಣ್ಣಿನಲ್ಲೂ ಇದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 9ನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಆ ಅರಮನೆಯ ಆಸರೆಯಲ್ಲಿ. ಕನ್ನಡ ನಾಡಿನಲ್ಲಿ ಒಂದೇ ಕನ್ನಡ ಇಲ್ಲ, ಬಗೆಬಗೆಯ ಕನ್ನಡಗಳಿವೆ ಎಂದು ಆ ಪುಸ್ತಕ ಆಗಲೇ ಗುರುತಿಸಿತ್ತು. ಸಾವಿರ ವರ್ಷಗಳ ನಂತರ ಬಂದ ಕಿಟೆಲ್ ಅವರಿಗೆ ಎದುರಾದದ್ದೂ ಇದೇ ಸಂಗತಿ.

ದಿನನಿತ್ಯದ ಮಾತೇ ಕಷ್ಟ

ಹೊಸ ಭಾಷೆ ಕಲಿಯುವವರಿಗೆ ಹೆಸರುಗಳು ಬೇಗ ಬರುತ್ತವೆ. ಬೆರಳು ತೋರಿಸಿ ಇದೇನು ಎಂದು ಕೇಳಿದರೆ ನೀರು, ಕಲ್ಲು, ಮರ ಎಂದು ಯಾರಾದರೂ ಹೇಳುತ್ತಾರೆ. ಆದರೆ ಏಳುವುದು, ತೊಳೆಯುವುದು, ಉಣ್ಣುವುದು, ಕೂಡುವುದು, ಹೋಗುವುದು, ಬರುವುದು ಇವುಗಳಿಗೆ ಬೆರಳು ತೋರಿಸಲು ಆಗುವುದಿಲ್ಲ. ಅವು ನಡೆದು ಮುಗಿದುಹೋಗುತ್ತವೆ. ಜನರ ಜೊತೆ ಇದ್ದು, ಅವರು ಕೆಲಸ ಮಾಡುವಾಗ ನೋಡಿ, ಅವರ ಬಾಯಿಂದಲೇ ಕೇಳಬೇಕು.

ಕನ್ನಡದಲ್ಲಿ ಇನ್ನೊಂದು ತೊಂದರೆ ಇದೆ. ದಿನಾ ಬಳಸುವ ಕ್ರಿಯಾಪದಗಳೇ ಹೆಚ್ಚು ವೇಷ ಬದಲಾಯಿಸುತ್ತವೆ. ನೋಡು ಎಂಬುದು ನೋಡಿದೆ ಆಗುತ್ತದೆ, ಮಾಡು ಎಂಬುದು ಮಾಡಿದೆ ಆಗುತ್ತದೆ. ಹಾಗಾದರೆ ಕೊಡು ಎಂಬುದು ಕೊಡಿದೆ ಆಗಬೇಕಲ್ಲ? ಇಲ್ಲ, ಕೊಟ್ಟೆ. ಇಡು ಎಂಬುದು ಇಟ್ಟೆ. ಏಳು ಎಂಬುದು ಎದ್ದೆ, ಬೀಳು ಎಂಬುದು ಬಿದ್ದೆ. ತಿನ್ನು ತಿಂದೆ, ಉಣ್ಣು ಉಂಡೆ, ಬರು ಬಂದೆ, ನಿಲ್ಲು ನಿಂತೆ, ನಗು ನಕ್ಕೆ, ಅಳು ಅತ್ತೆ. ಯಾವಾಗಲೋ ಒಮ್ಮೆ ಬಳಸುವ ದೊಡ್ಡ ಪದಗಳು ನಿಯಮ ಪಾಲಿಸುತ್ತವೆ. ಪ್ರಕಟಿಸು ಪ್ರಕಟಿಸಿದೆ, ಪರಿಶೀಲಿಸು ಪರಿಶೀಲಿಸಿದೆ. ಯೋಚಿಸಿದಾಗ ಉರ್ದುವಿನಲ್ಲೂ ಹೀಗೇ ಎಂದು ತಿಳಿಯಿತು. ಜಾನಾ ಎಂಬುದು ಗಯಾ ಆಗುತ್ತದೆ, ಕರ್ನಾ ಎಂಬುದು ಕಿಯಾ ಆಗುತ್ತದೆ. ನಾವು ಹುಟ್ಟಿದಾಗಿನಿಂದ ಕೇಳಿದ್ದರಿಂದ ನಮಗೆ ಅದು ಕಷ್ಟ ಎಂದೇ ಗೊತ್ತಿಲ್ಲ.

ಈ ಕಷ್ಟ ಕಿಟೆಲ್ ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಅವರ ನಿಘಂಟೇ ಸಾಕ್ಷಿ. ಕ್ರಿಯಾಪದ ಬಂದಲ್ಲಿ ಅವರು ಅರ್ಥ ಮಾತ್ರ ಕೊಟ್ಟು ಮುಂದೆ ಹೋಗುವುದಿಲ್ಲ. ಅದರ ಭೂತಕಾಲದ ರೂಪ ಹೇಗಾಗುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯುತ್ತಾರೆ. ಕನ್ನಡ ಮನೆಮಾತಿನವರಿಗೆ ಅದು ಬೇಕಿಲ್ಲ. ಹೊರಗಿನಿಂದ ಬಂದು ಕಲಿತವರಿಗೆ ಮಾತ್ರ ಅದರ ಬೆಲೆ ಗೊತ್ತು.

ಕ್ಯಾಂಟನ್ ನಗರದಲ್ಲಿ ಇನ್ನೊಬ್ಬರು

ಕಿಟೆಲ್ ಅವರಿಗಿಂತ ಅರ್ಧ ಶತಮಾನ ಮೊದಲು ಚೀನಾದಲ್ಲೂ ಒಬ್ಬರು ಹೀಗೆ ಕಲಿತಿದ್ದರು. ಇಂಗ್ಲೆಂಡಿನ ರಾಬರ್ಟ್ ಮಾರಿಸನ್ 1807ರಲ್ಲಿ ಕ್ಯಾಂಟನ್ ನಗರಕ್ಕೆ ಬಂದರು. ಇಂದು ಅದಕ್ಕೆ ಗುವಾಂಗ್‌ಝೌ ಎನ್ನುತ್ತಾರೆ. ವಿದೇಶಿಯರಿಗೆ ಚೀನೀ ಭಾಷೆ ಕಲಿಸುವುದನ್ನು ಆಗ ಅಲ್ಲಿನ ಸರ್ಕಾರ ನಿಷೇಧಿಸಿತ್ತು. ಕಲಿಸುವವರು ಸಿಕ್ಕಿಬಿದ್ದರೆ ಶಿಕ್ಷೆ. ಆದರೂ ಮಾರಿಸನ್ ಕಲಿತರು. ಚೀನೀ ಭಾಷೆಯ ದೊಡ್ಡ ನಿಘಂಟನ್ನು 1815ರಿಂದ 1823ರವರೆಗೆ ಹೊರತಂದರು. ನಂತರ 1828ರಲ್ಲಿ ಕ್ಯಾಂಟನ್ ಜನರ ಆಡುಮಾತಿಗೇ ಒಂದು ಪ್ರತ್ಯೇಕ ಶಬ್ದಕೋಶ ಪ್ರಕಟಿಸಿದರು. ಆ ಆಡುಮಾತೇ ಕ್ಯಾಂಟನೀಸ್. ಈಗಲೂ ಹಾಂಕಾಂಗಿನಲ್ಲಿ ಜನ ಅದನ್ನೇ ಮಾತಾಡುತ್ತಾರೆ.

ಕ್ಯಾಂಟನೀಸ್ ಕಲಿಯುವವರೂ ಮೊದಲು ಕಲಿಯುವುದು ಎದ್ದೆ, ತೊಳೆದೆ, ಉಂಡೆ ಎಂಬ ದಿನಚರಿಯನ್ನೇ. ಆ ಭಾಷೆಯಲ್ಲಿ ಕ್ರಿಯಾಪದ ವೇಷ ಬದಲಾಯಿಸುವುದಿಲ್ಲ. ಸಿಕ್ ಎಂದರೆ ಉಣ್ಣು. ಉಂಡಾಯಿತು ಎನ್ನಲು ಪಕ್ಕದಲ್ಲಿ ಜೋ ಎಂದು ಸೇರಿಸಿದರೆ ಸಾಕು. ನಾನು, ನೀನು, ಅವಳು ಯಾರೇ ಉಂಡರೂ ಅದೇ ರೂಪ. ತೊಳೆಯುವುದಕ್ಕೆ ಸೈ ಎನ್ನುತ್ತಾರೆ. ಮುಖಕ್ಕೂ ಸೈ, ಕೈಗೂ ಸೈ, ಬಟ್ಟೆಗೂ ಸೈ. ಥೇಟ್ ನಮ್ಮ ಉರ್ದುವಿನ ಧೋನಾ ಇದ್ದಂತೆ. ಆದರೆ ಧರಿಸುವುದಕ್ಕೆ ಎರಡು ಮಾತುಗಳಿವೆ. ಬಟ್ಟೆ, ಚಪ್ಪಲಿಗೆ ಒಂದು, ಟೋಪಿ, ಕನ್ನಡಕಕ್ಕೆ ಇನ್ನೊಂದು. ಇದು ಕನ್ನಡದಂತೆ. ಕನ್ನಡದಲ್ಲಿ ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ, ಹೂವು ಮುಡಿಯುತ್ತಾರೆ. ಉರ್ದುವಿನಲ್ಲಿ ಸೀರೆಗೂ ಅಂಗಿಗೂ ಪೆಹೆನ್ನಾ. ನಾನು ಬುರ್ಖಾವನ್ನು ಸೀರೆಯಂತೆ ಉಟ್ಟಿದ್ದು ಇದೇ ಕಾರಣಕ್ಕೆ.

ಯಾವ ಕೆಲಸಗಳನ್ನು ಒಂದೇ ಮಾತಿನಲ್ಲಿ ಹೇಳಬೇಕು, ಯಾವುದನ್ನು ಬೇರೆ ಮಾಡಬೇಕು ಎಂದು ಒಂದೊಂದು ಭಾಷೆ ಒಂದೊಂದು ರೀತಿ ತೀರ್ಮಾನಿಸಿಕೊಂಡಿದೆ. ಇದರಲ್ಲಿ ಯಾವ ಭಾಷೆಯೂ ದಡ್ಡ ಅಲ್ಲ. ತಪ್ಪು ಮಾಡಿದ ವಿದ್ಯಾರ್ಥಿಯೂ ದಡ್ಡ ಅಲ್ಲ. ಸೇಡಂ ಕಡೆಯ ನನ್ನ ತೆಲುಗು ಗೆಳತಿ ಆ ದಿನ ಮುಖ ತೊಳೆದೆ, ಬಟ್ಟೆ ಒಗೆದೆ ಎಂದು ಸರಿಯಾಗಿ ಹೇಳಿದಳು. ಅವಳ ಮನೆಯಲ್ಲೂ ಮುಖಕ್ಕೆ ಕಡುಗು, ಬಟ್ಟೆಗೆ ಉತುಕು ಎಂದು ಎರಡು ಮಾತುಗಳಿವೆಯಂತೆ.

ಮಿಷನ್ನಿನ ಲೆಕ್ಕದಲ್ಲಿ ಸೋತವರು

ಕಿಟೆಲ್ ಬಂದದ್ದು ತಮ್ಮ ಧರ್ಮವನ್ನು ಪ್ರಚಾರ ಮಾಡಲು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಆ ಕೆಲಸದಲ್ಲಿ ಅವರು ಯಶಸ್ವಿ ಎಂದು ಅವರ ಸಂಸ್ಥೆ ಭಾವಿಸಲಿಲ್ಲ. ಜನರ ನಡುವೆ ಜನರಂತೆ ಇರಬೇಕು ಎಂಬುದು ಕಿಟೆಲ್ ಅವರ ಆಸೆ. ಮಿಷನ್ನಿನ ಬಂಗಲೆ, ಅಲ್ಲಿನ ಕಟ್ಟುನಿಟ್ಟು ಅವರಿಗೆ ಒಗ್ಗಲಿಲ್ಲ. ಹಳ್ಳಿಗಳಿಗೆ ನಡೆದುಕೊಂಡು ಹೋಗುವುದು, ಜನರ ಜೊತೆ ಮಾತಾಡುತ್ತ ಕೂಡುವುದು ಅವರಿಗೆ ಇಷ್ಟ. ಇದರಿಂದ ಮೇಲಿನವರಿಗೂ ಅವರಿಗೂ ಭಿನ್ನಾಭಿಪ್ರಾಯ ಬಂತು.

ಮನೆಯಲ್ಲೂ ಕಷ್ಟ ಬಂತು. ಮೊದಲ ಹೆಂಡತಿ ಪೌಲಿನೆ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ನಂತರ ಅವರು ಪೌಲಿನೆಯ ಸೋದರಿ ಜೂಲಿಯವರನ್ನು ಮದುವೆಯಾದರು. ಆರೋಗ್ಯ ಕೆಟ್ಟು ಜರ್ಮನಿಗೆ ಹೋಗಬೇಕಾಯಿತು. ಆದರೂ ಮತ್ತೆ ಕನ್ನಡ ನಾಡಿಗೆ ಬಂದರು.

ಈ ಎಲ್ಲದರ ನಡುವೆ ಅವರ ಕನ್ನಡದ ಕೆಲಸ ನಿಲ್ಲಲಿಲ್ಲ. 1862ರಲ್ಲಿ ಕಥಾಮಾಲೆ ಎಂಬ ಪುಸ್ತಕ ಬಂತು. ಬೈಬಲ್ಲಿನ ಕಥೆಗಳನ್ನು ಅವರು ಕನ್ನಡದ ಛಂದಸ್ಸಿನಲ್ಲಿ ಪದ್ಯ ಮಾಡಿದ್ದರು. ಕೇಶಿರಾಜನ ಶಬ್ದಮಣಿದರ್ಪಣ ಎಂಬ ಹಳೆಯ ವ್ಯಾಕರಣ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದರು. ನಮ್ಮ ಕನ್ನಡ ಪಠ್ಯದಲ್ಲಿ ಕೇಶಿರಾಜ, ನಾಗವರ್ಮ ಎಂಬ ಹೆಸರುಗಳು ಬಂದಾಗ, ತಾಳೆಗರಿಯಲ್ಲಿದ್ದ ಅವರ ಪುಸ್ತಕಗಳನ್ನು ಅಚ್ಚಿಗೆ ತಂದವರಲ್ಲಿ ಕನ್ನಡ ಮನೆಮಾತಲ್ಲದ ಈ ಮನುಷ್ಯರೂ ಒಬ್ಬರು ಎಂದು ನೆನಪಿಡಬೇಕು.

ನಿಘಂಟು ಎಂಬ ಖಾತೆ ಪುಸ್ತಕ

ಕಿಟೆಲ್ ಅವರಿಗಿಂತ ಮೊದಲೂ ಕನ್ನಡ ಇಂಗ್ಲಿಷ್ ನಿಘಂಟು ಇತ್ತು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಗಿತ್ತು. ಅದು ಕಿಟೆಲ್ ಹುಟ್ಟಿದ ವರ್ಷವೇ. ಆದರೆ ಕನ್ನಡದ ಪೂರ್ತಿ ಸಂಪತ್ತು ಅದರಲ್ಲಿ ಇರಲಿಲ್ಲ. ಅದನ್ನು ಒಟ್ಟುಗೂಡಿಸುವ ಕೆಲಸಕ್ಕೆ ಕಿಟೆಲ್ ತಮ್ಮ ಜೀವನದ ಉತ್ತಮ ವರ್ಷಗಳನ್ನು ಕೊಟ್ಟರು. ಕನ್ನಡ ಬಲ್ಲ ಸ್ಥಳೀಯ ವಿದ್ವಾಂಸರು ಅವರಿಗೆ ನೆರವಾದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಾಶನದಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳು. ಕಿಟೆಲ್ ಭಾರತಕ್ಕೆ ಬಂದು ಆಗ 41 ವರ್ಷ ಆಗಿತ್ತು. ಅವರಿಗೆ 62 ವರ್ಷ.

ನಾನು ವಾಣಿಜ್ಯ ವಿಭಾಗದವಳು. ಆದ್ದರಿಂದ ಈ ನಿಘಂಟು ನನಗೆ ಲೆಡ್ಜರಿನಂತೆ ಕಾಣಿಸಿತು. ಲೆಡ್ಜರಿನಲ್ಲಿ ಪ್ರತಿಯೊಬ್ಬ ಗಿರಾಕಿಗೂ ಒಂದು ಖಾತೆ ಇರುತ್ತದೆ. ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಅದರಲ್ಲಿ ಬರೆಯುತ್ತಾರೆ. ಕಿಟೆಲ್ ಪ್ರತಿ ಪದಕ್ಕೂ ಹೀಗೆ ಒಂದು ಖಾತೆ ತೆರೆದರು. ಪದ ಯಾವ ಹಳೆಯ ಪುಸ್ತಕದಲ್ಲಿ ಬಂದಿದೆ, ಯಾವ ಸೀಮೆಯ ಜನ ಬಳಸುತ್ತಾರೆ ಎಂದು ಗುರುತು ಹಾಕಿದರು. ಮೈಸೂರು ಕಡೆಯ ಮಾತಿಗೆ ಒಂದು ಗುರುತು, ಧಾರವಾಡದಂಥ ದಕ್ಷಿಣ ಮರಾಠಾ ಸೀಮೆಯ ಮಾತಿಗೆ ಇನ್ನೊಂದು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಆ ಪದದ ಬಂಧುಗಳು ಯಾರು ಎಂದೂ ತೋರಿಸಿದರು. ಪದ ಹೇಗೆ ಬಳಕೆಯಾಗುತ್ತದೆ ಎಂದು ತಿಳಿಸಲು ಅನೇಕ ಕಡೆ ಜನರ ಬಾಯಿಯ ಗಾದೆಗಳನ್ನು ಸೇರಿಸಿದರು. ರಾಜರ ಕಾವ್ಯದ ಪದವೂ ಅಡುಗೆಮನೆಯ ಪದವೂ ಒಂದೇ ಪುಟದಲ್ಲಿ ಅಕ್ಕಪಕ್ಕ ಕುಳಿತಿವೆ.

ನನಗೆ ಅತ್ಯಂತ ಸಂತೋಷ ಕೊಟ್ಟ ವಿಷಯ ಇನ್ನೊಂದಿದೆ. ಹಿಂದೂಸ್ತಾನಿ ಮತ್ತು ಮರಾಠಿಯಿಂದ ಕನ್ನಡಕ್ಕೆ ಬಂದ ಮಾತುಗಳನ್ನು ಕಿಟೆಲ್ ಹೊರಗಿಡಲಿಲ್ಲ. ಎಲ್ಲಿಂದ ಬಂತು ಎಂದು ಗುರುತು ಹಾಕಿ ಒಳಗೆ ಸೇರಿಸಿಕೊಂಡರು. ನಾವು ಲೆಕ್ಕಶಾಸ್ತ್ರದಲ್ಲಿ ದಿನಾ ಬರೆಯುವ ಜಮಾ, ಖರ್ಚು, ಬಾಕಿ, ರಸೀದಿ ಇವೆಲ್ಲ ಪಾರ್ಸಿ, ಅರಬ್ಬಿ ಮೂಲದವು. ಉರ್ದುವಿನಂಥ ಭಾಷೆಗಳ ಮೂಲಕ ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿವೆ. ನಮ್ಮ ಅಬ್ಬಾ ಫರ್ಸಿ ಕಲ್ಲಿನ ವ್ಯಾಪಾರದಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಚೀಟಿಯಲ್ಲಿ ಬರೆದ ಹತ್ತು ಪದಗಳಲ್ಲಿ ಕನ್ನಡ ಯಾವುದು, ಉರ್ದು ಯಾವುದು ಎಂದು ಬೇರೆ ಮಾಡಲು ನಾನು ಒಮ್ಮೆ ಕುಳಿತೆ. ಆಗಲಿಲ್ಲ.

ಆಡುವ ರೀತಿಯಲ್ಲೂ ಹೀಗೇ ಇದೆ. ನಮ್ಮ ಕಡೆ ಕನ್ನಡದಲ್ಲಿ ಬೆಂಕಿ ಹತ್ತಿತು ಎನ್ನುತ್ತಾರೆ, ಉರ್ದುವಿನಲ್ಲಿ ಆಗ್ ಲಗೀ ಎನ್ನುತ್ತೇವೆ. ಮಗು ಅಳಾಕ ಹತ್ತೇದ ಎಂದು ಪಕ್ಕದ ಮನೆಯ ಅವ್ವ ಹೇಳಿದರೆ, ಬಚ್ಚಾ ರೋನೆ ಲಗಾ ಎಂದು ನಮ್ಮ ಅಮ್ಮಿ ಹೇಳುತ್ತಾರೆ. ಹತ್ತು ಮತ್ತು ಲಗ್ನಾ ಎರಡೂ ಇಲ್ಲಿ ಒಂದೇ ಕೆಲಸ ಮಾಡುತ್ತಿವೆ. ಇಷ್ಟು ವರ್ಷ ಪಕ್ಕಪಕ್ಕದಲ್ಲಿದ್ದು ನಾನು ಇದನ್ನು ಗಮನಿಸಿರಲಿಲ್ಲ.

ದಾದಿಯ ಕಾಲು

ಇದೆಲ್ಲ ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಎಂದು ಯಾರಾದರೂ ತಿಳಿದರೆ, ನಮ್ಮ ಮನೆಯ ಒಂದು ಘಟನೆ ಹೇಳುತ್ತೇನೆ. ನನ್ನ ದಾದಿಗೆ ಸಕ್ಕರೆ ಕಾಯಿಲೆ ಇದೆ. ಒಮ್ಮೆ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಬ್ಬಾ ಕೆಲಸದಲ್ಲಿದ್ದರು. ಅಮ್ಮಿಗೆ ಕನ್ನಡ ಅಷ್ಟು ಬರುವುದಿಲ್ಲ. ನಮ್ಮ ಭಾಗದ ನರ್ಸುಗಳಿಗೆ ಸಾಮಾನ್ಯವಾಗಿ ಉರ್ದು ತಿಳಿಯುತ್ತದೆ. ಆದರೆ ಆ ರಾತ್ರಿ ಇದ್ದ ಸಿಸ್ಟರ್ ದೂರದ ಊರಿನವರು, ಹೊಸದಾಗಿ ಬಂದವರು. ಅವರಿಗೆ ಉರ್ದು ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಹೇಳುವ ಜವಾಬ್ದಾರಿ ನನ್ನ ಮೇಲೆ ಬಂತು.

ದಾದಿ ತಮ್ಮ ಪಾದ ಮರಗಟ್ಟಿದೆ, ಮುಟ್ಟಿದರೆ ಗೊತ್ತಾಗುತ್ತಿಲ್ಲ ಎಂದು ಹೇಳುತ್ತಿದ್ದರು. ಉರ್ದುವಿನಲ್ಲಿ ಅದಕ್ಕೆ ಪೈರ್ ಸೋ ಗಯಾ, ಅಂದರೆ ಕಾಲು ಮಲಗಿದೆ ಎನ್ನುತ್ತೇವೆ. ನಾನು ಹಾಗೇ ತಿರುಗಿಸಿ, ಅಜ್ಜಿಯ ಕಾಲು ಮಲಗಿದೆ ಸಿಸ್ಟರ್ ಎಂದೆ. ಅಜ್ಜಿ ಮಲಗಿದ್ದಾರೆ ಎಂದು ಅವರು ತಿಳಿದುಕೊಂಡರು. ಮಲಗಲಿ ಬಿಡಿ, ಒಳ್ಳೆಯದು ಎಂದು ಹೇಳಿ ಹೋದರು. ಜೋಮು ಹಿಡಿದಿದೆ, ಮರಗಟ್ಟಿದೆ ಎಂಬ ಮಾತುಗಳು ನನಗೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಹೋಗುವುದು ವೈದ್ಯರಿಗೆ ತಕ್ಷಣ ತಿಳಿಸಬೇಕಾದ ವಿಷಯ. ಬೆಳಿಗ್ಗೆ ಉರ್ದು ಬಲ್ಲ ಆಯಾ ಬಂದು ಹೇಳಿದ ಮೇಲೆ ಡಾಕ್ಟರ್ ಪಾದ ಪರೀಕ್ಷಿಸಿದರು. ಹಿಮ್ಮಡಿಯಲ್ಲಿ ದಾದಿಗೇ ಗೊತ್ತಿಲ್ಲದ ಗಾಯ ಇತ್ತು. ಅಲ್ಲಾಹನ ದಯೆಯಿಂದ ಅದು ವಾಸಿಯಾಯಿತು. ಅದು ಸಿಸ್ಟರ್ ತಪ್ಪಲ್ಲ. ನನ್ನ ಬಳಿ ಕಾಲು ಎಂಬ ಹೆಸರು ಇತ್ತು, ಅದರ ಜೊತೆ ಹೋಗಬೇಕಾದ ಕ್ರಿಯಾಪದ ಇರಲಿಲ್ಲ.

ಹತ್ತು ವರ್ಷ ಕನ್ನಡ ಒಂದು ವಿಷಯವಾಗಿ ಓದಿದ್ದೆ. ಪದ್ಯಗಳ ಸಾರಾಂಶ ಬಾಯಿಪಾಠ ಬರುತ್ತಿತ್ತು. ಆದರೆ ತಲೆ ತಿರುಗುತ್ತದೆ, ಬಾಯಿ ಒಣಗುತ್ತದೆ, ಗುಳಿಗೆ ನುಂಗಿದರು ಎಂಬಂಥ ಮಾತು ಬೇಕಾದಾಗ ಬಾಯಿಗೆ ಬರಲಿಲ್ಲ. ಕೇಳಿ ಕಲಿಯಲು ನನಗೆ ನಾಚಿಕೆ ಇತ್ತು. ಹತ್ತನೆಯ ತರಗತಿವರೆಗೆ ಓದಿ ಇದೂ ಗೊತ್ತಿಲ್ಲವೇ ಎಂದು ಯಾರಾದರೂ ಅಂದರೆ ಎಂಬ ಹೆದರಿಕೆ. ಕಿಟೆಲ್ ಅವರ ಜೀವನ ಓದುವಾಗ ನನಗೆ ತಟ್ಟಿದ್ದು ಇದೇ. ಗ್ರೀಕ್, ಲ್ಯಾಟಿನ್ ಓದಿದ ಮನುಷ್ಯ ಜನರ ಮುಂದೆ ನಿಂತು ಇದಕ್ಕೆ ಏನೆನ್ನುತ್ತೀರಿ ಎಂದು ಕೇಳದಿದ್ದರೆ, ಅಡುಗೆಮನೆಯ, ಹೊಲದ, ಸಂತೆಯ ಮಾತುಗಳು ಆ ನಿಘಂಟಿಗೆ ಬರುತ್ತಲೇ ಇರಲಿಲ್ಲ.

ಕೊನೆಯ ದಿನಗಳು

ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ಕಳೆದರು. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಗ ಅವರ ವಯಸ್ಸು 71.

ಮದ್ರಾಸ್ ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರಿಂದ ಈ ನಿಘಂಟನ್ನು ಪರಿಷ್ಕರಿಸಿ, 1968ರಿಂದ ಆರಂಭಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ. ಅವರ ಹೆಸರು ಎಂದೂ ಕೇಳದ ಊರುಗಳಲ್ಲೂ ಕನ್ನಡ ಪದದ ಅರ್ಥ ಹುಡುಕುವವರು ಅವರ ಕೆಲಸದ ಮೇಲೆಯೇ ನಿಂತಿದ್ದಾರೆ.

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವು ಗುಡ್‌ವಿಲ್ ಎಂಬ ಪಾಠ ಓದುತ್ತೇವೆ. ಅಂಗಡಿಯ ಒಳ್ಳೆಯ ಹೆಸರಿಗೂ ಒಂದು ಬೆಲೆ ಇರುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಹೊಸ ಪಾಲುದಾರ ಬರುವಂಥ ಸಂದರ್ಭಗಳಲ್ಲಿ ಅದನ್ನು ಲೆಕ್ಕ ಹಾಕುತ್ತಾರೆ. ಮಿಷನ್ನಿನವರು ಕಿಟೆಲ್ ಅವರ ಕೆಲಸವನ್ನು ಅಳೆದಾಗ ನಷ್ಟ ಕಾಣಿಸಿತು. ನಿಜವಾದ ಆಸ್ತಿ ಏನಿತ್ತು ಎಂಬುದು ನಂತರ ಬಂದವರಿಗೆ ತಿಳಿಯಿತು.

ನನ್ನ ಸಣ್ಣ ಖಾತೆ

ಆಸ್ಪತ್ರೆಯಿಂದ ಬಂದ ಮೇಲೆ ನಾನೂ ಹಳೆಯ ಲೆಡ್ಜರ್ ಪುಸ್ತಕದಲ್ಲಿ ಒಂದು ಖಾತೆ ತೆರೆದಿದ್ದೇನೆ. ಎಡಗಡೆ ಉರ್ದು ಮಾತು, ಬಲಗಡೆ ಕನ್ನಡ ಮಾತು. ಧೋನಾ ಎಂಬುದರ ಎದುರು ತೊಳೆ, ಒಗೆ. ತೋಡ್ನಾ ಎಂಬುದರ ಎದುರು ತೆಂಗಿನಕಾಯಿಗೆ ಒಡೆ, ಕಟ್ಟಿಗೆಗೆ ಮುರಿ, ಹೂವಿಗೆ ಕೀಳು. ಪೀಸ್ನಾ ಎಂಬುದರ ಎದುರು ಜೋಳಕ್ಕೆ ಬೀಸು, ಚಟ್ನಿಗೆ ಅರೆ. ಖಾನಾ ಎಂಬುದರ ಎದುರು ರೊಟ್ಟಿ, ಅನ್ನಕ್ಕೆ ಉಣ್ಣು, ಬಿಸ್ಕತ್ತಿಗೆ ತಿನ್ನು, ಗುಳಿಗ್ಗೆ ನುಂಗು. ಪ್ರತಿಯೊಂದರ ಪಕ್ಕದಲ್ಲಿ, ಕಿಟೆಲ್ ಅವರಿಂದ ಕಲಿತಂತೆ, ನಿನ್ನೆ ಮಾಡಿದರೆ ಏನೆನ್ನಬೇಕು ಎಂಬುದನ್ನೂ ಬರೆಯುತ್ತೇನೆ. ಉಂಡೆ, ತಿಂದೆ, ಕಿತ್ತೆ.

ಗೊತ್ತಿಲ್ಲದ್ದನ್ನು ಪಕ್ಕದ ಮನೆಯ ಅವ್ವನಿಗೆ ಕೇಳುತ್ತೇನೆ. ಅವರು ರೊಟ್ಟಿ ಬಡಿಯುತ್ತ, ಕಾಳು ಕೇರುತ್ತ ಹೇಳಿಕೊಡುತ್ತಾರೆ. ಈಗ ಅವರೂ ನನ್ನ ಬಳಿ ಉರ್ದು ಮಾತು ಕೇಳುತ್ತಾರೆ. ಅಮ್ಮಿ ಮೊದಮೊದಲು ಸುಮ್ಮನೆ ಕೇಳುತ್ತಿದ್ದರು. ಈಗ ತಾವೇ ಬಂದು, ಈವತ್ತು ಯಾವ ಮಾತು ಬರೆದೆ ಎನ್ನುತ್ತಾರೆ. ಕಳೆದ ತಿಂಗಳು ದಾದಿಯನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಅಮ್ಮಿಯೇ ಡಾಕ್ಟರಿಗೆ ಕಾಲು ಜೋಮು ಹಿಡೀತದ ಎಂದು ಹೇಳಿದರು. ನಾನು ಬಾಗಿಲ ಬಳಿ ನಿಂತು ಕೇಳಿದೆ.

ನಮ್ಮ ಕಾಲೇಜಿನಲ್ಲಿ ಚಿಂಚೋಳಿ ತಾಂಡಾಗಳ ಲಂಬಾಣಿ ಮಾತಾಡುವವರಿದ್ದಾರೆ, ಸೇಡಂ ಕಡೆಯ ತೆಲುಗು ಮಾತಾಡುವವರಿದ್ದಾರೆ, ವಾಡಿ ಜಂಕ್ಷನ್ನಿಗೆ ಕೆಲಸಕ್ಕೆ ಬಂದ ಹೊರರಾಜ್ಯದ ಮನೆಗಳ ಮಕ್ಕಳಿದ್ದಾರೆ, ಶಹಾಬಾದ್ ಮತ್ತು ಚಿತ್ತಾಪುರದ ಕನ್ನಡ, ಉರ್ದು ಮನೆಗಳವರಿದ್ದಾರೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದ ಮೇಲೆ ಮಾಡುವ ಐದು ಕೆಲಸಗಳಿಗೆ ಏನೆನ್ನುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದು ಕನ್ನಡ ವಿಭಾಗದಲ್ಲಿ ಕೊಡಿ. ಎಲ್ಲವನ್ನೂ ಸೇರಿಸಿ ಗೋಡೆ ಪತ್ರಿಕೆಯಲ್ಲಿ ಹಾಕಲು ಸರ್ ಒಪ್ಪಿದ್ದಾರೆ. ಯಾರಾದರೂ ಮುಖ ಒಗೆದೆ ಎಂದು ಬರೆದರೂ ಪರವಾಗಿಲ್ಲ. ಆ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ.



ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ